ಮಂಜುಗಡ್ಡೆ ಭಾವನ ಸಿಗರೇಟು ಕಾರ್ಡುಗಳು

ನನ್ನ ಅಕ್ಕನ ಗಂಡನ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. "ಎಂಥ ಶಾಂತ ಮನುಷ್ಯ, ಕುಡಿಯೋದಿಲ್ಲ, ಸೇದೋದಿಲ್ಲ, ಒಂದು ದಿನಾನೂ ಹೆಂಡತಿ ಮೇಲೆ ಕೈ ಎತ್ತಿದವರಲ್ಲ" ಅನ್ನುತ್ತಾರೆ. ಎತ್ತಲು ಆ ಕೈಗಳಿಗೆ ಪುರುಸೊತ್ತು ಎಲ್ಲಿತ್ತು? ಒಂದರಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಚಿಮಟ. ಇಷ್ಟಕ್ಕೇ ಒಬ್ಬ ಗಂಡಸು ಒಳ್ಳೆಯವನಾಗುವುದಾದರೆ ನಮ್ಮ ಡಿಪೋದ ಹಿಂದೆ ತುಕ್ಕು ಹಿಡಿದು ನಿಂತಿರುವ ಬಸ್ಸೂ ಒಳ್ಳೆಯದೇ. ಅದೂ ಯಾರಿಗೂ ಹೊಡೆಯುವುದಿಲ್ಲ.

ಡಿಪೋ ಎಂದೆನಲ್ಲ, ನಾನು ಬಸ್ ಕಂಡಕ್ಟರು. "ಒಳಗೆ ಹೋಗ್ರಪ್ಪಾ, ಒಳಗೆ ಬೇಕಾದಷ್ಟು ಜಾಗ ಇದೆ" ಎಂದು ದಿನವಿಡೀ ಕೂಗಿ ಕೂಗಿ ಗಂಟಲು ಒಡೆದಿದೆ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕೋಪವೆಲ್ಲ ನನ್ನ ಪಾಲಿಗೆ ಬಂತು, ತಾಳ್ಮೆಯೆಲ್ಲ ಅಕ್ಕನ ಪಾಲಿಗೆ ಹೋಯಿತು. ನಮ್ಮಮ್ಮ ಹಂಚುವಾಗ ಸ್ವಲ್ಪ ನೋಡಿಕೊಂಡು ಹಂಚಬೇಕಿತ್ತು.

ಭಾವ ಊರ ಹೊರಗಿನ ಶೀತಲ ಗೋದಾಮಿನಲ್ಲಿ ಬಿಲ್ಲು ಬರೆಯುವ ಗುಮಾಸ್ತರು. ಆಲೂಗಡ್ಡೆ, ಸೇಬು, ಬೆಣ್ಣೆ ಎಲ್ಲ ಒಳಗೆ ತಣ್ಣಗೆ ಮಲಗಿದ್ದರೆ ಭಾವ ಹೊರಗಿನ ಗಾಜಿನ ಗೂಡಿನಲ್ಲಿ, ಬಿಸಿಲಿಗೆ ಬೆನ್ನು ಕೊಟ್ಟು, ಕೊರಳಿಗೆ ಮಫ್ಲರ್ ಸುತ್ತಿಕೊಂಡು ಕೂರುತ್ತಿದ್ದರು. ಒಮ್ಮೆ ಗೋದಾಮಿನ ಮೇಸ್ತ್ರಿ ಯಾವುದೋ ಕೊಳೆತ ಮೂಟೆ ತೋರಿಸಲು ಒಳಗೆ ಕರೆದೊಯ್ದದ್ದಕ್ಕೆ ವಾರವಿಡೀ ಸೀನಿದರು. ಮನೆಯಲ್ಲಿ ಸ್ನಾನದ ನೀರು ತುಸು ಬೆಚ್ಚಗಿದ್ದರೆ ಸಾಲದು, "ಹಬೆ ಬರ್ತಿಲ್ವಲ್ಲೇ!" ಎಂದು ಬಚ್ಚಲಿನಿಂದ ಕೂಗು. ಇಂಥ ಮಹಾನುಭಾವರ ತಲೆಗೆ ಹತ್ತಿದ ಹುಚ್ಚು ಯಾವುದು ಹೇಳಿ? ದಕ್ಷಿಣ ಧ್ರುವದ್ದು! ಬೀದಿಯವರು ಅವರಿಗೆ ಮಂಜುಗಡ್ಡೆ ಎಂದು ಹೆಸರಿಟ್ಟರು. ಅದು ಗೇಲಿ ಎಂಬುದೂ ತಿಳಿಯದೆ ಭಾವ ಬಿರುದು ಬಂತೆಂದು ಬೀಗಿದರು.

ಸಿಗರೇಟು ಕಾರ್ಡು ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹಿಂದಿನ ಕಾಲದಲ್ಲಿ ಸಿಗರೇಟಿನ ಪೊಟ್ಟಣ ನಜ್ಜುಗುಜ್ಜಾಗದಿರಲಿ ಎಂದು ಒಳಗೊಂದು ಪುಟ್ಟ ರಟ್ಟಿನ ತುಂಡು ಇಡುತ್ತಿದ್ದರು. ಆ ರಟ್ಟಿನ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕಿದರೆ ಜನ ಚಿತ್ರದ ಆಸೆಗೆ ಇನ್ನೊಂದು ಪೊಟ್ಟಣ ಕೊಳ್ಳುತ್ತಾರೆ ಎಂದು ಯಾವನೋ ಚಾಲಾಕಿಗೆ ಹೊಳೆಯಿತು. ಹಕ್ಕಿಗಳು, ಹಡಗುಗಳು, ಆಟಗಾರರು ಆದಮೇಲೆ ಧ್ರುವಕ್ಕೆ ಹೊರಟ ಸಾಹಸಿಗಳು ಬಂದರು. ಮುಂದೆ ಚಿತ್ರ, ಹಿಂದೆ ನಾಲ್ಕು ಸಾಲಿನ ಕಥೆ, ಅದರ ಕೆಳಗೆ ತಂಬಾಕಿನ ಜಾಹೀರಾತು. ಅಲ್ಲಿ ಅವರು ಹಿಮದಲ್ಲಿ ಬಿದ್ದು ಸಾಯುತ್ತಿದ್ದರು, ಇಲ್ಲಿ ಜನ ಅವರ ಚಿತ್ರಕ್ಕಾಗಿ ಹೊಗೆ ನುಂಗಿ ಸಾಯುತ್ತಿದ್ದರು. ಲಾಭ ಮಾಡಿಕೊಂಡವರು ಮಾತ್ರ ಬೆಚ್ಚಗಿದ್ದರು.

ಈ ಗ್ರಹಚಾರ ನಮ್ಮ ಮನೆಗೆ ವಕ್ಕರಿಸಿದ್ದು ಒಂದು ಕುರ್ಚಿಯ ದೆಸೆಯಿಂದ. ಅಕ್ಕ ದರ್ಜಿ. ಮದುವೆಯಾದ ಹೊಸತರಲ್ಲಿ, ಹೊಲಿಯಲು ಕೂರುವುದಕ್ಕೆ ಬೆನ್ನಿರುವ ಕುರ್ಚಿಯೊಂದು ಬೇಕು ಎಂದಳು. ಭಾವ ಹಳೇ ಸಾಮಾನಿನ ಅಂಗಡಿಗೆ ಹೋದರು. ವಾಪಸು ಬಂದಾಗ ಕೈಯಲ್ಲಿ ಕುರ್ಚಿ ಇರಲಿಲ್ಲ, ತಗಡಿನ ಡಬ್ಬಿಯೊಂದಿತ್ತು. ಅದರ ತುಂಬ ಈ ಕಾರ್ಡುಗಳು.

"ನೋಡೇ ಇಲ್ಲಿ, ಹಡಗು ಹೆಂಗೆ ಮಂಜಲ್ಲಿ ಸಿಕ್ಕಿಹಾಕ್ಕೊಂಡಿದೆ! ನೋಡು, ನಾಯಿಗಳೂ ಇವೆ!" ಎಂದು ಕುಣಿದರಂತೆ.

ಅಕ್ಕ "ಚೆನ್ನಾಗಿದೆ ರೀ" ಅಂದಳಂತೆ. ಅಲ್ಲೇ ಕೆಟ್ಟಿದ್ದು. ನಾನಾಗಿದ್ದರೆ "ಕುರ್ಚಿ ಎಲ್ಲಿ?" ಎಂದು ಕೇಳಿ ಡಬ್ಬಿ ಸಮೇತ ವಾಪಸ್ಸು ಅಟ್ಟುತ್ತಿದ್ದೆ. ಅಕ್ಕ ಇವತ್ತಿಗೂ ಸ್ಟೂಲಿನ ಮೇಲೆ ಕೂತೇ ಹೊಲಿಯುತ್ತಾಳೆ.

ಕಾರ್ಡುಗಳ ಬೆನ್ನಿಗೆ ಸಾಮಾನುಗಳು ಬಂದವು. ಯಾವುದೋ ಹಡಗಿನದಂತೆ, ನೆಗ್ಗಿದ ತಗಡಿನ ಲೋಟ. ಅಂಥದೇ ಲೋಟದಲ್ಲಿ ನಮ್ಮ ಬೀದಿಯ ಕ್ಷೌರದವನು ಸೋಪಿನ ನೊರೆ ಮಾಡುತ್ತಾನೆ. ಅದೇ ಹಿಡಿ, ಅದೇ ನೆಗ್ಗು. ಯಾವನೋ ನಾವಿಕನ ಕೋಟಿನದಂತೆ, ಕೊಂಬಿನ ಗುಂಡಿ. ಹಿಮದ ಮೇಲಿನ ಬಿಸಿಲ ಝಳ ಕಣ್ಣಿಗೆ ಬಡಿಯದಿರಲಿ ಎಂದು ಮರದಲ್ಲಿ ಸೀಳು ಕೊರೆದು ಮಾಡಿದ ಕನ್ನಡಕ. ಇವೆಲ್ಲದರ ನಡುವೆ, ಗಾಜಿನ ಭರಣಿಯೊಳಗೆ, ಒಂದು ಬಿಸ್ಕತ್ತು. ಹೌದು, ತಿನ್ನುವ ಬಿಸ್ಕತ್ತೇ. ಧ್ರುವಯಾತ್ರೆಯವರು ಹಿಮದಲ್ಲಿ ಹೂತಿಟ್ಟು ಮರೆತುಹೋದ ಬಿಸ್ಕತ್ತು ಎಂದು ಮಾರಿದವನು ಹೇಳಿದನಂತೆ, ಇವರು ನಂಬಿದರಂತೆ.

"ಟೀ ಮಾಡ್ಲಾ ಭಾವ? ಅದ್ದಿಕೊಂಡು ನೋಡೋಣ, ಕರಗುತ್ತೋ ಇಲ್ವೋ" ಎಂದೆ. ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟರು. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯ ಕಾಲ ಮತ್ತೆ ಬರಲಿಲ್ಲ.

ಇಷ್ಟೇ ಆಗಿದ್ದರೆ, ಹಾಳಾಗಿ ಹೋಗಲಿ, ಪ್ರತಿ ಮನೆಯಲ್ಲೂ ಒಂದೊಂದು ತರಲೆ ಇರುತ್ತದೆ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ಆ ಕಾರ್ಡುಗಳಿಗೆ ಒಂದು ಕೋಣೆ ಬೇಕಾಯಿತು. ಅಕ್ಕನ ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಹಿಂದಿನ ಕೋಣೆಯಲ್ಲಿ ಮಂಚ ಹಾಕಿದರೆ ಓಡಾಡಲು ಜಾಗವಿಲ್ಲ. ಮುಂದಿನ ಕೋಣೆಗೆ ಮಾತ್ರ ಬೀದಿಯ ಕಡೆಗೊಂದು ದೊಡ್ಡ ಕಿಟಕಿ. ಬೆಳಿಗ್ಗೆ ಬಿಸಿಲು ಒಳಗೆ ಬಂದು ಎದುರಿನ ಗೋಡೆಯವರೆಗೂ ಹಾಸಿಕೊಳ್ಳುತ್ತಿತ್ತು. ಆ ಮನೆಯನ್ನು ಅಕ್ಕ ಒಪ್ಪಿದ್ದೇ ಆ ಕಿಟಕಿಗಾಗಿ. ಹೊಲಿಗೆ ಯಂತ್ರವನ್ನು ಅದರ ಕೆಳಗೆ ಇಟ್ಟುಕೊಂಡು, ಬೀದಿಯಲ್ಲಿ ಹೋಗಿ ಬರುವವರನ್ನು ಮಾತಾಡಿಸಿಕೊಂಡು ಹೊಲಿಯುತ್ತಿದ್ದಳು.

ಬಿಸಿಲು ಬಿದ್ದರೆ ಕಾರ್ಡಿನ ಬಣ್ಣ ಹೋಗುತ್ತದೆ ಎಂದು ಭಾವನಿಗೆ ಯಾರೋ ಹೇಳಿಕೊಟ್ಟರು. ಮಾರನೆಯ ದಿನವೇ ಯಂತ್ರ ಅಡುಗೆಮನೆಯ ಮೂಲೆಗೆ ಹೋಯಿತು. ಕಿಟಕಿಗೆ ದಪ್ಪ ಕಪ್ಪು ಬಟ್ಟೆಯ ಪರದೆ ಬಂತು, ಅದೂ ಎರಡು ಪದರದ್ದು. ಹೊಲಿದವಳು ಯಾರು? ಅಕ್ಕನೇ! ತನ್ನ ಬೆಳಕನ್ನು ತಾನೇ ಅಂಚು ಮಡಿಸಿ, ಗಟ್ಟಿ ಹೊಲಿಗೆ ಹಾಕಿ ಮುಚ್ಚಿಕೊಂಡಳು. ನಾನು ಎಷ್ಟು ಬೈದರೂ "ಇರ್ಲಿ ಬಿಡೇ, ಅವರಿಗೂ ಒಂದು ಆಸೆ ಬೇಡ್ವಾ" ಎಂದಳು. ಮಕ್ಕಳಾಗಲಿಲ್ಲ ಅವರಿಗೆ. ಆಗಿದ್ದರೆ ಎಲ್ಲಿ ಮಲಗಿಸುತ್ತಿದ್ದರೋ, ಬಿಸ್ಕತ್ತಿನ ಭರಣಿಯ ಪಕ್ಕವೇ ಇರಬೇಕು.

ಅಡುಗೆಮನೆಗೆ ಕಿಟಕಿಯೆಂದರೆ ಹೊಗೆ ಹೋಗುವ ಕಿಂಡಿ. ಅದರಾಚೆ ಪಕ್ಕದ ಮನೆಯ ಗೋಡೆ. ಹಗಲಲ್ಲೂ ದೀಪ ಹಾಕಿಕೊಂಡೇ ಅಕ್ಕ ಕೂರಬೇಕು. ಕೋರ್ಟು ಅವರ ಬೀದಿಗೆ ಹತ್ತಿರ, ಹಾಗಾಗಿ ಅವಳಿಗೆ ಬರುವ ಕೆಲಸ ಹೆಚ್ಚಾಗಿ ವಕೀಲರ ಕೋಟುಗಳು. ಕಪ್ಪು ಬಟ್ಟೆ, ಕಪ್ಪು ದಾರ, ಕಪ್ಪು ಗುಂಡಿ. ಹೊಲಿಗೆ ಬಿಚ್ಚಬೇಕಾದರೆ ದಾರ ಯಾವುದು, ಬಟ್ಟೆ ಯಾವುದು ಎಂದು ಬೆರಳಿನಲ್ಲಿ ತಡವಿ ನೋಡಬೇಕು. ವರ್ಷಗಟ್ಟಲೆ ಹೀಗೇ ನಡೆಯಿತು.

ಭಾವನಿಗೆ ಇದ್ಯಾವುದರ ಪರಿವೆಯೂ ಇಲ್ಲ. ಗೋದಾಮಿನಿಂದ ಬಂದವರೇ ಕೈ ತೊಳೆದು, ಒರೆಸಿ, ಒಣಗಿಸಿ, ಗರ್ಭಗುಡಿ ಹೊಕ್ಕಂತೆ ಕೋಣೆ ಹೊಗುತ್ತಿದ್ದರು. ಯಾರಾದರೂ ನೆಂಟರು ಬಂದರೆ ಮುಗಿಯಿತು, ಆ ಮರದ ಕನ್ನಡಕ ಮೂಗಿಗೇರಿಸಿಕೊಂಡು ಪ್ರವಚನ ಶುರು.

"ಹಿಮದಲ್ಲಿ ನಡೆದೂ ನಡೆದೂ ಕಣ್ಣು ಕುರುಡಾಗಿಬಿಡುತ್ತೆ. ಕಣ್ಣೊಳಗೆ ಮರಳು ಸುರಿದ ಹಾಗೆ ಉರಿ. ಜೊತೇಲಿದ್ದವರು ಕೈ ಹಿಡಿದು ನಡೆಸಬೇಕು, ತಾವು ಉಪವಾಸ ಇದ್ರೂ ಸರಿ ಅವನನ್ನ ಬಿಡ್ತಿರಲಿಲ್ಲ. ಎಂಥ ಜನ! ಅಂಥ ಜನ ಈಗ ಎಲ್ಲಿದ್ದಾರೆ?" ಭೂಮಿಯ ಆ ತುದಿಯಲ್ಲಿ ಎಂದೋ ಸತ್ತುಹೋದ, ಹೆಸರೂ ನೆಟ್ಟಗೆ ಹೇಳಲು ಬಾರದ ಗಂಡಸಿನ ಕಣ್ಣಿಗಾಗಿ ಇವರ ಕಣ್ಣಲ್ಲಿ ನೀರು. ನನಗೆ ಆ ಕನ್ನಡಕ ಕಿತ್ತು ಒಲೆಗೆ ಹಾಕಬೇಕು ಅನ್ನಿಸುತ್ತಿತ್ತು.

ಏಕೆಂದರೆ ಅಷ್ಟು ಹೊತ್ತಿಗೆ ಅಕ್ಕನ ಕಣ್ಣು ಕೈಕೊಡಲು ಶುರುವಾಗಿತ್ತು. ಒಬ್ಬ ವಕೀಲರು ಕೋಟು ವಾಪಸು ತಂದರು, ಕಾಜಾ ಒಂದು ಕಡೆ, ಗುಂಡಿ ಇನ್ನೊಂದು ಕಡೆ. ಅಕ್ಕನ ಕೈಯಿಂದ ಅಂಥ ಕೆಲಸ ಹೊರಬಂದದ್ದನ್ನು ನಾನು ಕಂಡಿರಲಿಲ್ಲ. ರಜೆ ಹಾಕಿ, ದರದರ ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಹನಿ ಹಾಕಿ, ದೀಪ ಬಿಟ್ಟು ನೋಡಿ, ಕಡ್ಡಿ ಮುರಿದ ಹಾಗೆ ಹೇಳಿದರು.

"ಕಣ್ಣಿನ ಹಿಂದಿನ ಪರದೆ ಸವೆದಿದೆ. ಹೋದದ್ದು ವಾಪಸ್ ಬರಲ್ಲಮ್ಮ. ಉಳಿದಿರೋದ್ರಲ್ಲಿ ಕೆಲಸ ಮಾಡ್ಬೇಕು ಅಂದ್ರೆ ಹಗಲು ಬೆಳಕು ಬೇಕು, ಚೆನ್ನಾಗಿರೋ ಬೆಳಕು. ಕಿಟಕಿ ಪಕ್ಕ ಕೂತು ಹೊಲೀರಿ, ಇನ್ನೂ ಒಂದಷ್ಟು ವರ್ಷ ಹೊಲೀಬಹುದು. ಈಗಿರೋ ಹಾಗೇ ಮೂಲೇಲಿ ಕೂತ್ರೆ ಯಂತ್ರ ಮಾರಿಬಿಡಿ."

ಯಂತ್ರ ಮಾರುವುದೆಂದರೆ ಅಕ್ಕನಿಗೆ ಪ್ರಾಣ ಬಿಟ್ಟ ಹಾಗೆ. ಆ ಮನೆಯಲ್ಲಿ ಅವಳದು ಎಂದು ಇದ್ದದ್ದು ಅದೊಂದೇ. ಮನೆ ಬಾಗಿಲಲ್ಲಿ ನನ್ನ ಕೈ ಒತ್ತಿ, "ನೀನು ಏನೂ ಹೇಳ್ಬೇಡ, ಕೂಗಾಡ್ತೀಯ. ನಾನೇ ಹೇಳ್ತೀನಿ" ಎಂದಳು.

ಹೇಳಿದಳು ಕೂಡ. ನಾನು ಹೊಸ್ತಿಲಲ್ಲೇ ಚಪ್ಪಲಿ ಹಾಕಿಕೊಳ್ಳುತ್ತ ನಿಂತಿದ್ದೆ. ಭಾವನಿಗೆ ಅವತ್ತೇ ಯಾವುದೋ ಪಾರ್ಸೆಲ್ ಬಂದಿತ್ತು. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ಪೆಂಗ್ವಿನ್ ನೋಡುತ್ತಿದ್ದರು. ಅಕ್ಕ ಡಾಕ್ಟರು ಹೇಳಿದ್ದನ್ನೆಲ್ಲ ನಿಧಾನವಾಗಿ, ಸಣ್ಣ ದನಿಯಲ್ಲಿ ಹೇಳಿದಳು. ಅವರು "ಹೂಂ" ಎಂದರು. ಇನ್ನೊಂದು "ಹೂಂ". ಕೊನೆಗೆ "ಆಯ್ತು ಆಯ್ತು, ಆಮೇಲೆ ನೋಡೋಣ" ಎಂದರು. ಅಕ್ಕ ಅಡುಗೆಮನೆಗೆ ಹೋಗಿ ದೀಪ ಹಾಕಿದಳು.

ನನಗೆ ತಡೆದುಕೊಳ್ಳಲಾಗಲಿಲ್ಲ. ನಾಲ್ಕು ದಿನ ಬಿಟ್ಟು ಹೋಗಿ, "ಭಾವ, ಆ ಕಿಟಕಿ ತೆಗೀರಿ. ಅಕ್ಕ ಅಲ್ಲೇ ಕೂತು ಹೊಲೀಲಿ" ಎಂದೆ.

"ಕಿಟಕಿ ತೆಗೀಬೇಕಾ? ನಿನಗೆ ತಲೆಗಿಲೆ ಕೆಟ್ಟಿದೆಯಾ? ಬೆಳಕು ಬಣ್ಣಾನ ಹೆಂಗೆ ತಿನ್ನುತ್ತೆ ಗೊತ್ತಾ ನಿನಗೆ? ಮೊದಲು ಕೆಂಪು ಹೋಗುತ್ತೆ, ಆಮೇಲೆ..." ಎಂದು ಬಣ್ಣಗಳ ಸಾವಿನ ಸರದಿಯನ್ನೆಲ್ಲ ವಿವರಿಸಿದರು. ಅಲ್ಲ, ಹೆಂಡತಿಯ ಕಣ್ಣಿನ ವಿಷಯ ಗೊತ್ತಿದ್ದೂ ಈ ಮನುಷ್ಯ ಹೀಗೆ ಮಾತಾಡುತ್ತಾನಲ್ಲ ಎಂದು ನನಗೆ ಎಷ್ಟು ಅಸಹ್ಯವಾಯಿತೆಂದರೆ ಅಲ್ಲಿ ಇನ್ನೊಂದು ಕ್ಷಣ ಕೂರಲಾಗಲಿಲ್ಲ. ಎದ್ದು ಬಂದುಬಿಟ್ಟೆ.

ಅಂಥದ್ದರಲ್ಲಿ ಒಂದು ಬೆಳಕಿನ ಕಿಂಡಿ ತೆರೆಯಿತು. ಊರಿನ ಮ್ಯೂಸಿಯಂನವರು ಹೊಸದೊಂದು ಹಜಾರ ಕಟ್ಟಿಸಿ, ದೂರದೇಶಗಳ ಯಾನಕ್ಕೆ ಸಂಬಂಧಪಟ್ಟ ಹಳೆಯ ವಸ್ತುಗಳಿದ್ದರೆ ಕೊಡಿ, ಕೊಟ್ಟವರ ಹೆಸರನ್ನು ಹಿತ್ತಾಳೆ ಫಲಕದಲ್ಲಿ ಹಾಕುತ್ತೇವೆ ಎಂದು ಪ್ರಕಟಣೆ ಹೊರಡಿಸಿದರು. ಹಿತ್ತಾಳೆ ಎಂದದ್ದೇ ತಡ, ಭಾವ ನೆಲದ ಮೇಲೆ ನಿಲ್ಲಲಿಲ್ಲ. ಫಲಕದಲ್ಲಿ ಹೆಸರಿನ ಮುಂದೆ ಏನಿರಬೇಕು, ಹಿಂದೆ ಏನಿರಬೇಕು ಎಂದು ಊಟಕ್ಕೆ ಕೂತರೂ ಅದೇ ಜಪ. ಅಕ್ಕನಿಗೆ ಫಲಕದ ಚಿಂತೆ ಇರಲಿಲ್ಲ. ಕಾರ್ಡು, ಲೋಟ, ಬಿಸ್ಕತ್ತು ಎಲ್ಲ ಗಾಡಿ ಹತ್ತಿ ಹೋದರೆ ಕೋಣೆ ಖಾಲಿ, ಕಿಟಕಿ ಅವಳದು.

"ಬರೋ ತಿಂಗಳಿಂದ ಅಲ್ಲೇ ಕೂರ್ತೀನಿ ಕಣೇ" ಎಂದು ನನ್ನ ಹತ್ತಿರ ಪಿಸುಗುಟ್ಟಿದಳು. ಹೊಸ ಬಟ್ಟೆ ಸಿಕ್ಕ ಹುಡುಗಿಯ ಹಾಗಿತ್ತು ಅವಳ ಮುಖ. ನನಗಂತೂ ಭಾವನ ಮೇಲೂ ಒಂಚೂರು ಪ್ರೀತಿ ಬಂದುಬಿಡುತ್ತೇನೋ ಎಂದು ಭಯವಾಯಿತು.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಭಾವನಂಥ ತಲೆತಿರುಕರದ್ದೇ ಒಂದು ಸಂಘವಿದೆ. ಹಲ್ಲಿನ ಡಾಕ್ಟರೊಬ್ಬರ ಶಾಪಿನಲ್ಲಿ, ಹಲ್ಲುನೋವಿನವರು ಕಾಯುವ ಬೆಂಚುಗಳ ಮೇಲೆ ಕೂತು ಒಬ್ಬರ ಕಾರ್ಡು ಒಬ್ಬರು ಮೂಸುತ್ತಾರೆ. ಅಲ್ಲಿ ಕಾರ್ಡಿನ ಮೂಲೆ ಚೂಪಾಗಿರಬೇಕು, ಅದೇ ಮರ್ಯಾದೆ. ಒಂದು ಸಲ ಆ ಹಲ್ಲಿನ ಡಾಕ್ಟರು ಭಾವನ ಕಾರ್ಡು ನೋಡಿ, "ಇದೇನ್ರೀ, ಮೂಲೆಗಳನ್ನ ಬೆಕ್ಕು ನೆಕ್ಕಿದೆಯಾ?" ಎಂದು ನಕ್ಕರಂತೆ. ಭಾವನಿಗೆ ಅವಮಾನ ನುಂಗಲಾಗಲಿಲ್ಲ. ಮನೆಗೆ ಬಂದು ಅಕ್ಕನನ್ನು ಕೂರಿಸಿ, ಕಾರ್ಡುಗಳನ್ನು ಮುಂದಿಟ್ಟು, "ನಿನ್ನ ಕೈ ನೇರ ಇದೆ. ನಾಲ್ಕೂ ಕಡೆ ಕೂದಲೆಳೆಯಷ್ಟು ತೆಗೆದುಬಿಡು, ಮೂಲೆ ನಿಲ್ಲುತ್ತೆ" ಎಂದರು.

"ಇರೋದನ್ನ ಯಾಕ್ರೀ ಕತ್ತರಿಸೋದು?" ಎಂದಳಂತೆ ಅಕ್ಕ.

"ನಿನಗೆ ಇದೆಲ್ಲ ಅರ್ಥ ಆಗಲ್ಲ, ಹೇಳಿದಷ್ಟು ಮಾಡು."

ಆಗ ಅವಳ ಕಣ್ಣು ಚೆನ್ನಾಗಿತ್ತು. ಪಟ್ಟಿ ಇಟ್ಟು, ಅಲಗು ಎಳೆದು, ಇಡೀ ಸರಣಿಯ ಅಂಚನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಕೊಟ್ಟಳು. ಮುಂದಿನ ಸಭೆಯಲ್ಲಿ ಹಲ್ಲಿನ ಡಾಕ್ಟರು ಬಾಯಿ ಮುಚ್ಚಿಕೊಂಡರು. ಕಾರ್ಡನ್ನು ಬೆರಳಲ್ಲಿ ಮುಟ್ಟಬಾರದು, ಅಂಟು ಹಾಕಬಾರದು, ಬಿಸಿಲು ತೋರಿಸಬಾರದು ಎಂದು ಊರಿಗೆಲ್ಲ ಉಪದೇಶ ಮಾಡುವ ಮನುಷ್ಯ ತಾನೇ ಅದಕ್ಕೆ ಕತ್ತರಿ ಹಾಕಿಸಿದ. ಇಂಥ ಮುಟ್ಠಾಳತನ ಮಾಡಲು ಅದರಲ್ಲೇ ಮುಳುಗಿದವರಿಗೆ ಮಾತ್ರ ಸಾಧ್ಯ, ನನ್ನಂಥವಳಿಗೆ ಹೊಳೆಯುವುದೂ ಇಲ್ಲ.

ಮ್ಯೂಸಿಯಂನಿಂದ ಒಬ್ಬ ಮೇಡಂ ನೋಡಲು ಬರುತ್ತಾರೆ ಎಂದು ತಿಳಿದಾಗ ಮನೆಯಲ್ಲಿ ಮದುವೆ ಮನೆಯ ಗಡಿಬಿಡಿ. ಅಕ್ಕ ನೆಲ ತಿಕ್ಕಿದಳು, ಸಾಮಾನಿಟ್ಟಿದ್ದ ಗಾಜಿನ ಪೆಟ್ಟಿಗೆಗಳನ್ನು ಒರೆಸಿದಳು. ಭಾವ ಮಫ್ಲರನ್ನೂ ಇಸ್ತ್ರಿ ಮಾಡಿಸಿಕೊಂಡರು. ನಾನು ಮಧ್ಯಾಹ್ನದ ಪಾಳಿ ಹಾಕಿಸಿಕೊಂಡು ಬೆಳಿಗ್ಗೆಯೇ ಹೋದೆ. ಆ ಸಾಮಾನು ಬಾಗಿಲು ದಾಟುವುದನ್ನು ಕಣ್ಣಾರೆ ನೋಡಬೇಕಿತ್ತು ನನಗೆ.

ಮೇಡಂ ಸಣ್ಣ ವಯಸ್ಸಿನವರು, ಮೆತ್ತನೆಯ ಮಾತು. ಬಿಳಿ ಕೈಗವಸು ಹಾಕಿಕೊಂಡು ಲೋಟ ನೋಡಿದರು, "ಹೌದಾ ಸರ್" ಎಂದರು. ಬಿಸ್ಕತ್ತು ನೋಡಿದರು, ಇನ್ನೊಂದು "ಹೌದಾ ಸರ್". ಭಾವನ ಪ್ರವಚನವನ್ನು ಮುಖ ಸಿಂಡರಿಸದೆ ಕೇಳಿದರು, ಅದಕ್ಕೇ ಅವರಿಗೊಂದು ಫಲಕ ಹಾಕಿಸಬೇಕು. ಆಮೇಲೆ ಕಾರ್ಡುಗಳ ಆಲ್ಬಂ ತೆರೆದಾಗ ಅವರ ಮುಖ ಅರಳಿತು.

"ಪೂರ್ತಿ ಸರಣಿ ಇದೆಯಾ ಸರ್?"

"ಒಂದೂ ತಪ್ಪಿಲ್ಲ ಮೇಡಂ! ಮೂಲೆ ನೋಡಿ, ಮೂಲೆ!"

ಮೇಡಂ ಮೂಲೆ ನೋಡಿದರು. ತಮ್ಮ ಚೀಲದಿಂದ ಅದೇ ಸರಣಿಯ ಒಂದು ಕಾರ್ಡು ತೆಗೆದರು, ಮ್ಯೂಸಿಯಂನದಂತೆ. ಅದನ್ನು ಭಾವನ ಕಾರ್ಡಿನ ಕೆಳಗೆ ಇಟ್ಟರು. ಕೆಳಗಿನದು ನಾಲ್ಕೂ ಕಡೆ ಸಣ್ಣಗೆ ಇಣುಕಿತು. ಇನ್ನೊಂದು ಕಾರ್ಡು ತೆಗೆದು ಇಟ್ಟರು, ಮತ್ತೊಂದು ಇಟ್ಟರು. ಎಲ್ಲದರ ಕೆಳಗಿನಿಂದಲೂ ಅದು ಇಣುಕಿತು.

"ಸರ್, ಇವುಗಳ ಅಂಚು ಕತ್ತರಿಸಿದ್ದಾರೆ" ಎಂದರು ಮೇಡಂ, ಬೇಜಾರಿನಿಂದಲೇ. "ಎಲ್ಲಾನೂ. ತುಂಬ ನೀಟಾಗಿ ಕತ್ತರಿಸಿದ್ದಾರೆ."

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಕ್ಕ ಆಗ ತಾನೇ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಭಾವ ಕೈ ಎತ್ತಿ ಅವಳನ್ನು ತೋರಿಸಿದರು. ಒಂದು ದಿನವೂ ಕೈ ಎತ್ತದ ಮನುಷ್ಯ!

"ಇವಳ ಕೆಲಸ ಮೇಡಂ. ನಾನು ಆಫೀಸಿಗೆ ಹೋದಾಗ ಮಾಡಿಟ್ಟಿದ್ದಾಳೆ. ದರ್ಜಿ ನೋಡಿ, ಕತ್ತರಿ ಕೈಯಲ್ಲಿದ್ರೆ ಸುಮ್ನೆ ಇರೋಕಾಗಲ್ಲ. ಈ ಹೆಂಗಸರಿಗೆ ಇದರ ಬೆಲೆ ಏನು ಗೊತ್ತು?"

"ಭಾವಾ!" ಎಂದು ಬಾಯಿ ತೆರೆದೆ, ಬಸ್ಸಿನಲ್ಲಿ ಕೂಗುವ ದನಿಯಲ್ಲೇ. ಅಕ್ಕ ತಟ್ಟೆಯನ್ನು ನನ್ನ ಕೈಗೆ ತುರುಕಿ ನನ್ನನ್ನು ತಡೆದಳು. ಮೇಡಂ ಕಡೆ ತಿರುಗಿ, "ಹೌದು ಮೇಡಂ. ನಾನೇ ಕತ್ತರಿಸಿದ್ದು" ಎಂದಳು. ಒಂದು ಉಸಿರು ಬಿಟ್ಟು ಕೇಳಿದಳು, "ಆದ್ರೂ ತಗೊಂಡು ಹೋಗ್ತೀರಾ ಅಲ್ವಾ?"

ಮಾಡಿಸಿದವರು ಯಾರೆಂದು ಒಂದು ಮಾತೂ ಎತ್ತಲಿಲ್ಲ. ಕಳಂಕ ಬೇಕಾದರೆ ತಲೆಗೆ ಕಟ್ಟಿಕೊಳ್ಳುತ್ತೇನೆ, ಕೋಣೆ ಖಾಲಿಯಾಗಲಿ. ಅಷ್ಟೇ ಅವಳ ಲೆಕ್ಕ. ನನಗೆ ಅಳು ಬಂತು, ಟೀ ತಟ್ಟೆ ಹಿಡಿದುಕೊಂಡೇ ನುಂಗಿಕೊಂಡೆ.

ಮೇಡಂ ಒಳ್ಳೆಯವರು. "ತಗೋತೀವಮ್ಮ. ಶಾಲೆ ಮಕ್ಕಳು ನೋಡೋಕೆ ತುಂಬ ಚೆನ್ನಾಗಿರುತ್ತೆ. ಆದ್ರೆ ಅಂಚು ಕತ್ತರಿಸಲಾಗಿದೆ ಅಂತ ಪಕ್ಕದಲ್ಲಿ ಒಂದು ಸಾಲು ಬರೀಬೇಕು. ಅದು ನಮ್ಮ ನಿಯಮ."

"ಎಲ್ಲಿ? ನನ್ನ ಹೆಸರಿನ ಕೆಳಗಾ?" ಭಾವ ಕೇಳಿದರು.

"ಹೌದು ಸರ್, ಅದೇ ಜಾಗದಲ್ಲಿ ಬರುತ್ತೆ."

ಹಲ್ಲಿನ ಡಾಕ್ಟರು ಸಂಘವನ್ನೆಲ್ಲ ಕಟ್ಟಿಕೊಂಡು ಬಂದು ಆ ಸಾಲನ್ನು ಓದಿ ನಗುವುದು ಭಾವನ ಕಣ್ಣಮುಂದೆ ಬಂದಿರಬೇಕು. "ಬೇಡ. ಯಾವುದೂ ಬೇಡ. ಎಲ್ಲಾ ಇಲ್ಲೇ ಇರ್ಲಿ" ಎಂದು ಆಲ್ಬಂ ಮುಚ್ಚಿದರು.

"ರೀ, ಕೊಟ್ಬಿಡ್ರೀ" ಎಂದಳು ಅಕ್ಕ. "ನಿಮ್ಮ ಕಾಲಿಗೆ ಬೀಳ್ತೀನಿ, ಕೊಟ್ಬಿಡ್ರೀ." ನಮ್ಮಪ್ಪನ ಹತ್ತಿರವೂ ಅವಳು ಹೀಗೆ ಅಂಗಲಾಚಿದ್ದನ್ನು ನಾನು ಕೇಳಿರಲಿಲ್ಲ.

"ನೀನು ಸುಮ್ಮನಿರು! ಮಾಡಿದ್ದು ಸಾಲದಾ?"

ನೋಡಿ, ಮೇಡಂ ಎದುರಿಗೆ ಹೇಳಿದ ಸುಳ್ಳನ್ನು ಆ ಮನುಷ್ಯ ಅಷ್ಟರೊಳಗೆ ತಾನೇ ನಂಬಿಬಿಟ್ಟಿದ್ದರು. ಮೇಡಂ ಎದ್ದರು, ಅಕ್ಕನ ಕೈ ಮುಟ್ಟಿ ಬರುತ್ತೇನಮ್ಮ ಎಂದರು, ಹೊರಟುಹೋದರು. ಅವರ ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ಗಾಡಿ ಬಂದ ಹಾಗೇ ಖಾಲಿ ಹೋಯಿತು.

ಭಾವ ನೆಲದ ಮೇಲೆ ಕುಸಿದು, ತಮಗೆ ಯಾರೋ ಮಹಾ ಅನ್ಯಾಯ ಮಾಡಿದವರ ಹಾಗೆ ಹಣೆ ಒತ್ತಿಕೊಂಡರು. ಆಮೇಲೆ ತಲೆ ಎತ್ತದೆ, "ಆ ಪರದೆ ಸರಿಯಾಗಿ ಎಳಿ. ಸಂದಿಯಿಂದ ಬೆಳಕು ಬರ್ತಾ ಇದೆ" ಎಂದರು.

ಅಕ್ಕ ಕಿಟಕಿಯ ಹತ್ತಿರ ಹೋದಳು. ಎಳೆಯುತ್ತಾಳೆ ಎಂದೇ ನಾನೂ ಅಂದುಕೊಂಡೆ, ಅವಳು ಯಾವತ್ತು ಹೇಳಿದ್ದನ್ನು ಮಾಡಿಲ್ಲ? ಎರಡೂ ಕೈಯಲ್ಲಿ ಪರದೆ ಹಿಡಿದು ಮೈಭಾರವನ್ನೆಲ್ಲ ಬಿಟ್ಟಳು. ಕೋಲು, ಮೊಳೆ, ಗಾರೆಯ ಚೂರು ಎಲ್ಲ ಒಟ್ಟಿಗೆ ಕಿತ್ತು ಬಂತು. ಅಷ್ಟು ವರ್ಷ ಹೊರಗೆ ನಿಂತಿದ್ದ ಬಿಸಿಲು ದಬಕ್ಕನೆ ಒಳಗೆ ಬಂದು ಆಲ್ಬಂ ಮೇಲೆ, ಗಾಜಿನ ಪೆಟ್ಟಿಗೆಗಳ ಮೇಲೆ, ನೆಲದ ಮೇಲೆ ಬಿತ್ತು. ಧೂಳು ಎದ್ದು ನಾನು ಕೆಮ್ಮಿದೆ.

"ಅಯ್ಯೋ! ಬಣ್ಣ! ಬಣ್ಣ ಹೋಗುತ್ತೆ ಕಣೇ!" ಭಾವ ಕಿರುಚಿಕೊಂಡು ಹಾರಿ ಬಂದು, ಕಿಟಕಿಗೆ ಬೆನ್ನು ಕೊಟ್ಟು ಎರಡೂ ತೋಳು ಚಾಚಿ ನಿಂತರು. ಆ ಗಂಟಲಿನಲ್ಲಿ ಅಷ್ಟು ದನಿ ಇತ್ತೆಂದು ನನಗೆ ಅವತ್ತೇ ಗೊತ್ತಾದದ್ದು. ಎದುರು ಮನೆಯವರು ಹೊರಗೆ ಬಂದು ನೋಡಿದರು.

ಅಕ್ಕ ಪರದೆಯನ್ನು ಮಡಿಸಿ ಕೆಳಗಿಟ್ಟಳು. "ಹೋಗ್ಲಿ ಬಿಡ್ರೀ" ಎಂದಳು. "ನನ್ನ ಕಣ್ಣು ಹೋಗ್ತಾ ಇದೆ ಅಂದಾಗ ನೀವು ಒಂದೇ ಒಂದ್ಸಲ ಹೀಗೆ ಕೂಗಿದ್ರೆ, ಈ ಪರದೆ ಮೇಲೆ ಇನ್ನೂ ಒಂದು ಪದರ ನಾನೇ ಹೊಲಿದು ಹಾಕ್ತಿದ್ದೆ."

ಭಾವ ಅವಳ ಮುಖ ನೋಡಿದರು. "ಕಣ್ಣಾ? ನಿನ್ನ ಕಣ್ಣಿಗೆ ಏನಾಯ್ತು?"

ಅಣಕವಲ್ಲ, ನಾಟಕವಲ್ಲ. ನಿಜವಾಗಿಯೂ ಕೇಳಿದರು. ಅವತ್ತು ಅವಳು ಎದುರಿಗೆ ನಿಂತು ಹೇಳಿದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ; ಆ "ಹೂಂ" ಪೆಂಗ್ವಿನ್ನಿಗೆ ಹೇಳಿದ್ದು. ಗೊತ್ತಿದ್ದೂ ಮಾಡಿದ್ದರೆ ಕಟುಕ ಎಂದಾದರೂ ಬೈಯಬಹುದಿತ್ತು. ಬೈಗುಳದಲ್ಲಿ ನನಗೆ ಯಾವತ್ತೂ ಬಡತನ ಬಂದದ್ದಿಲ್ಲ, ಆದರೆ ಆ ಪ್ರಶ್ನೆಗೆ ಹೊಂದುವ ಒಂದು ಬೈಗುಳವೂ ನನಗೆ ಅವತ್ತು ಸಿಗಲಿಲ್ಲ.

ಅಕ್ಕ ಅಡುಗೆಮನೆಗೆ ಹೋಗಿ ಯಂತ್ರದ ಒಂದು ಬದಿ ಹಿಡಿದಳು, ನಾನು ಓಡಿಹೋಗಿ ಇನ್ನೊಂದು ಬದಿ ಹಿಡಿದೆ. ಗಾಜಿನ ಪೆಟ್ಟಿಗೆಗಳನ್ನು ಕಾಲಿನಿಂದ ಸರಿಸಿಕೊಂಡು ಕಿಟಕಿಯ ಹತ್ತಿರ ತಂದಿಟ್ಟೆವು. ಅವಳು ಸ್ಟೂಲು ಎಳೆದುಕೊಂಡು ಕೂತು, ಅರ್ಧಕ್ಕೆ ನಿಂತಿದ್ದ ಕಪ್ಪು ಕೋಟನ್ನು ಸೂಜಿಯ ಕೆಳಗೆ ಹಾಸಿದಳು, ಬಗ್ಗಿ ನೋಡಿದಳು, ಇನ್ನಷ್ಟು ಬಗ್ಗಿ ನೋಡಿದಳು. ಭಾವ ಇನ್ನೂ ತೋಳು ಚಾಚಿಕೊಂಡೇ ನಿಂತಿದ್ದರು, ಬಾಯಿ ಅರ್ಧ ತೆರೆದಿತ್ತು.

"ಸ್ವಲ್ಪ ಆ ಕಡೆ ಹೋಗ್ರೀ" ಎಂದಳು ಅಕ್ಕ, ತಲೆ ಎತ್ತದೆ. "ಬೆಳಕಿಗೆ ಅಡ್ಡ ಇದ್ದೀರಿ."